ದುರ್ಗದ ತಾರಸಿಯಲ್ಲಿ ಎರಡು ವಾರಾಂತ್ಯ: ಮೊದಲ ನೀರು ಆಚೆಗೆ, ಹೆಚ್ಚಾದ ನೀರು ಕೋಡಿಗೆ

ಶನಿವಾರ ಬೆಳಿಗ್ಗೆ ಬಿಸಿಲೇರುವ ಮೊದಲು ತಾರಸಿ ಹತ್ತಿ ನಾವು ಮಾಡಿದ ಮೊದಲ ಕೆಲಸ, ನೀರಿಳಿಯುವ ಬಾಯಿಗೆ ಅತಿ ದೂರದ ಮೂಲೆಯಲ್ಲಿ ಒಂದು ಬಕೆಟ್ ನೀರು ಸುರಿದು ಸುಮ್ಮನೆ ನಿಂತದ್ದು. ನೀರು ಎತ್ತ ಹರಿಯುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ಮಡುಗಟ್ಟುತ್ತದೆ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನೀರು ನಿಂತ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಮೂರು ಕಡೆ ತಟ್ಟೆಯಷ್ಟಗಲದ ಗುಂಡಿಗಳಿದ್ದವು. ಒಂದು ಕಡೆ ಬಾಯಿಯ ಅಂಚೇ ನೆಲಕ್ಕಿಂತ ಅರ್ಧ ಇಂಚು ಎತ್ತರದಲ್ಲಿತ್ತು. ಮಳೆನೀರು ಹಿಡಿಯಬೇಕು ಎಂದುಕೊಂಡವರು ಮೊದಲು ಫಿಲ್ಟರ್ ಅಂಗಡಿಗೆ ಹೋಗುತ್ತಾರೆ. ಹೋಗಬೇಕಾದ್ದು ತಾರಸಿಗೆ. ತಾರಸಿ ಸರಿಯಿಲ್ಲದಿದ್ದರೆ ಕೆಳಗೆ ಎಂಥ ಫಿಲ್ಟರ್ ಇಟ್ಟರೂ ಅದು ಪಾರಿವಾಳದ ಹಿಕ್ಕೆಯನ್ನೇ ಸೋಸುತ್ತ ಕೂರುತ್ತದೆ.

ಚಿತ್ರದುರ್ಗದಲ್ಲಿ ಈ ಕೆಲಸಕ್ಕೆ ಕಾರಣ ಹುಡುಕಬೇಕಿಲ್ಲ. ವರ್ಷದ ಮಳೆ ಸರಾಸರಿ 600 ಮಿ.ಮೀ. ಕೂಡ ದಾಟದ ಸೀಮೆ ಇದು. ಬೋರ್‌ವೆಲ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಬಿಳಿ ಚಿಪ್ಪು ಕಟ್ಟುತ್ತದೆ, ನಲ್ಲಿಯ ಬಾಯಿ ಮುಚ್ಚಿಹೋಗುತ್ತದೆ. ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲವೆಂದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಮಳೆನೀರಿನಲ್ಲಿ ಈ ಎರಡು ಕಾಟವೂ ಇಲ್ಲ. ಶಾಂತಿಸಾಗರದಿಂದಲೂ ವಾಣಿವಿಲಾಸ ಸಾಗರದಿಂದಲೂ ಊರಿಗೆ ನೀರು ಬರುತ್ತದೆ, ನಿಜ. ಆದರೆ ನಲ್ಲಿ ಬಾರದ ದಿನ ಸಂಪಿನಲ್ಲಿ ಮೆದು ನೀರು ಇರುವುದೇ ಬೇರೆ ನೆಮ್ಮದಿ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಮೂವತ್ತು-ನಲವತ್ತರ ನಿವೇಶನದ ಮನೆ, ತಾರಸಿ ಸುಮಾರು 900 ಚದರಡಿ, ಅಂದರೆ 84 ಚದರ ಮೀಟರ್. 20 ಮಿ.ಮೀ. ಮಳೆಗೆ 1,680 ಲೀಟರ್. ಕಾಂಕ್ರೀಟು ಕುಡಿದದ್ದು, ಚೆಲ್ಲಿದ್ದು ಎಂದು ಏಳನೇ ಒಂದು ಪಾಲು ಕಳೆದರೂ 1,440 ಸಿಗುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಈ ವಿಧಾನ ಹೊಂದುವುದಿಲ್ಲ. ಮಾಳಿಗೆಯ ಮಣ್ಣು ನೀರಿನ ಜೊತೆಗೇ ಇಳಿಯುತ್ತದೆ.

ಶನಿವಾರವಿಡೀ ತಾರಸಿಗೇ ಹೋಯಿತು. ಗುಂಡಿಗಳ ಪಾಚಿಯನ್ನು ತಂತಿ ಬ್ರಷ್‌ನಿಂದ ಕೆರೆದು, ಒಣಗಿಸಿ, ಸಿಮೆಂಟಿನ ಗಂಜಿ ಬಳಿದು, ಅದು ಹಸಿಯಿರುವಾಗಲೇ 1 ಪಾಲು ಸಿಮೆಂಟಿಗೆ 3 ಪಾಲು ಮರಳಿನ ಗಾರೆ ತುಂಬಿ, ವಾಟರ್‌ಪ್ರೂಫಿಂಗ್ ದ್ರಾವಣ ಸೇರಿಸಿ, ಅಂಚನ್ನು ತೆಳ್ಳಗೆ ಎಳೆದೆವು. ಗಂಜಿ ಬಳಿಯದೆ ಗಾರೆ ಹಾಕಿದರೆ ಒಂದೇ ಬೇಸಿಗೆಯಲ್ಲಿ ಹಪ್ಪಳದಂತೆ ಏಳುತ್ತದೆ. ಮೇಲೆ ಒದ್ದೆ ಗೋಣಿಚೀಲ ಹೊದಿಸಿ ವಾರವಿಡೀ ನೀರುಣಿಸಬೇಕು. ದುರ್ಗದ ಏಪ್ರಿಲ್ ಬಿಸಿಲಿಗೆ ದಿನಕ್ಕೆ ಎರಡು ಸಲ ಸಾಲದು, ಮೂರು ಸಲ. ಎತ್ತರವಾಗಿದ್ದ ಬಾಯಿಯ ಅಂಚನ್ನು ಉಳಿಯಿಂದ ಕೆತ್ತಿ ತಗ್ಗಿಸಿ, ಅದರ ಮೇಲೆ ಗುಮ್ಮಟದಾಕಾರದ ಜಾಲರಿ ಕೂರಿಸಿದೆವು. ಚಪ್ಪಟೆ ಜಾಲರಿ ಬೇಡ. ಪಕ್ಕದ ಬೇವಿನ ಮರದ ಹತ್ತು ಎಲೆ ಸಾಕು ಅದನ್ನು ಮುಚ್ಚಲು. ಗುಮ್ಮಟವಾದರೆ ಬುಡ ಮುಚ್ಚಿದರೂ ಮೇಲಿನಿಂದ ನೀರು ಇಳಿಯುತ್ತದೆ.

ಭಾನುವಾರದ್ದು ಪೈಪಿನ ಕೆಲಸ. ಬೇಕಾದ ಸಾಮಾನನ್ನು ಶನಿವಾರ ಸಂಜೆಯೇ ತಂದಿಟ್ಟುಕೊಳ್ಳಬೇಕು. ಭಾನುವಾರ ಮಧ್ಯಾಹ್ನ ಒಂದು ಬೆಂಡ್ ಕಡಿಮೆ ಬಿದ್ದರೆ ತೆರೆದ ಅಂಗಡಿ ಸಿಗುವುದು ಕಷ್ಟ. ಎರಡು ಬಾಯಿಗಳ ನೀರನ್ನು ಒಂದೇ ಕಡೆ ತರಲು ಗೋಡೆಗುಂಟ 9 ಮೀಟರ್ 110 ಮಿ.ಮೀ. ಎಸ್‌ಡಬ್ಲ್ಯುಆರ್ ಪೈಪ್ (ಕೊಳಚೆ, ಬಳಸಿದ ನೀರು, ಮಳೆನೀರಿಗೆಂದು ಮಾಡಿದ ಪಿವಿಸಿ ಪೈಪು) ಎಳೆದೆವು. ಇದರಲ್ಲಿ ‘ಎ’ ಮತ್ತು ‘ಬಿ’ ಎಂದು ಎರಡು ಬಗೆ. ಮಳೆನೀರಿಗೆ ತೆಳುವಾದ ‘ಎ’ ಸಾಕು ಎಂದು ಮಾನಕವೇ ಹೇಳುತ್ತದೆ. ಆದರೂ ಇಡೀ ದಿನ ಬಿಸಿಲು ಬೀಳುವ ಗೋಡೆಗೆ ದಪ್ಪನೆಯ ‘ಬಿ’ ಹಾಕುವುದೇ ವಾಸಿ. ‘ಎ’ ಕ್ಲಾಂಪುಗಳ ನಡುವೆ ಹೊಟ್ಟೆ ಬಿಡುತ್ತದೆ. ಕ್ಲಾಂಪ್ ನಾಲ್ಕಡಿಗೊಂದು. ಇಳಿಜಾರು ಮೀಟರಿಗೆ 1 ಸೆಂ.ಮೀ., ಅಂದರೆ ಒಂಬತ್ತು ಮೀಟರಿಗೆ 9 ಸೆಂ.ಮೀ. ಗೋಡೆಯ ಗಾರೆಯ ಗೆರೆಯನ್ನು ನಂಬಿ ಅಳೆಯಬಾರದು, ಅದೇ ಓರೆಯಾಗಿರುತ್ತದೆ. ಗಾರೆಯವರು ಬಳಸುವ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಒಳಗೆ ಒಂದೇ ಒಂದು ಗಾಳಿಗುಳ್ಳೆಯೂ ಉಳಿಯದಂತೆ ನೋಡಿಕೊಂಡು, ಎರಡೂ ತುದಿಗೆ ಮಟ್ಟ ಗುರುತಿಸಿ, ಒಂದು ತುದಿಯಲ್ಲಿ 9 ಸೆಂ.ಮೀ. ಕೆಳಗೆ ಮೊಳೆ ಹೊಡೆದು ದಾರ ಬಿಗಿದರೆ ಕೆಲಸ ಆದಂತೆ.

ಇಲ್ಲಿ ಬಹಳ ಮಂದಿ ಎಡವುವುದು ಅಂಟಿನ ವಿಷಯದಲ್ಲಿ. ಎಲ್ಲ ಜೋಡಣೆಯನ್ನೂ ಸಾಲ್ವೆಂಟ್ ಹಾಕಿ ಅಂಟಿಸಿಬಿಡುತ್ತಾರೆ. ಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಪೈಪಿನ ಮೈಬಿಸಿ 30 ಡಿಗ್ರಿ ಏರಿಳಿದರೆ 9 ಮೀಟರ್ ಪೈಪು ಹೆಚ್ಚುಕಡಿಮೆ 2 ಸೆಂ.ಮೀ. ಉದ್ದವಾಗುತ್ತದೆ. ಹೋಗಲು ಜಾಗ ಇಲ್ಲದಿದ್ದರೆ ಕ್ಲಾಂಪ್ ಕಿತ್ತು ಬರುತ್ತದೆ, ಇಲ್ಲವೇ ಬೆಂಡ್ ಸೀಳುತ್ತದೆ. ಆದ್ದರಿಂದ ಎರಡು ಜೋಡಣೆ ರಬ್ಬರ್ ರಿಂಗಿನವು ಇರಲಿ. ಪೈಪಿನ ತುದಿಯನ್ನು ಅರದಿಂದ ಓರೆಯಾಗಿ ಉಜ್ಜಿ, ಸೋಪಿನ ನೀರು ಸವರಿ, ತಳ ಮುಟ್ಟುವವರೆಗೆ ಒತ್ತಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಆಮೇಲೆ 1 ಸೆಂ.ಮೀ. ಹಿಂದಕ್ಕೆ ಎಳೆಯಬೇಕು. ಪೈಪಿಗೆ ಉಸಿರಾಡಲು ಸಿಗುವ ಜಾಗ ಅದು. ಸೋಪಿನ ಬದಲು ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಕೆಡುತ್ತದೆ.

ಎರಡನೇ ವಾರಾಂತ್ಯ ನೆಲಕ್ಕಿಳಿಯಿತು. ಈ ಇಡೀ ಕೆಲಸದ ಜೀವ ಇರುವುದು ಮೊದಲ ಮಳೆಯ ಕೊಳೆನೀರನ್ನು ಆಚೆ ಕಳಿಸುವ ಏರ್ಪಾಡಿನಲ್ಲಿ. ತಿಂಗಳುಗಟ್ಟಲೆ ಕೂತ ಧೂಳು, ಹಿಕ್ಕೆ, ಎಲೆಪುಡಿ ಎಲ್ಲವೂ ಮೊದಲ 1–2 ಮಿ.ಮೀ. ಮಳೆಯಲ್ಲೇ ಇಳಿಯುತ್ತವೆ. 84 ಚದರ ಮೀಟರಿಗೆ 2 ಮಿ.ಮೀ. ಎಂದರೆ 168 ಲೀಟರ್. ಇದನ್ನು ಲೆಕ್ಕ ಹಾಕದೆ ನಾಲ್ಕಿಂಚಿನ ಪೈಪಿನ ತುಂಡೊಂದನ್ನು ಗೋಡೆಗೆ ನೇತುಹಾಕಿ, ಕೆಳಗೊಂದು ಮುಚ್ಚಳ ಬಿಗಿದು, ‘ಫಸ್ಟ್ ಫ್ಲಶ್’ ಆಯಿತು ಎನ್ನುವುದು ಹಲವು ಮನೆಗಳಲ್ಲಿ ಕಾಣುತ್ತದೆ. ಆ ಪೈಪು ಹಿಡಿಯುವುದು ಮೀಟರಿಗೆ ಎಂಟೂವರೆ ಲೀಟರ್. ಒಂದು ಮೀಟರ್ ಪೈಪು ಒಂದು ಬಕೆಟ್ ಕೊಳೆಯನ್ನೂ ತಡೆಯುವುದಿಲ್ಲ. ಉಳಿದ 160 ಲೀಟರ್ ನೇರ ಫಿಲ್ಟರಿಗೆ.

ಅದಕ್ಕೆ 200 ಲೀಟರಿನ ನೀಲಿ ಡ್ರಮ್ಮೇ ಸರಿ. ಗುಜರಿಯಲ್ಲಿ ಕೊಳ್ಳುವಾಗ ಮೂಸಿ ನೋಡಿ: ಗ್ಲೂಕೋಸ್ ಪಾಕವೋ ಮಾವಿನ ತಿರುಳೋ ಇದ್ದ ಡ್ರಮ್ ಆಗಬಹುದು, ಕೀಟನಾಶಕ, ಆಸಿಡ್ ಇದ್ದದ್ದು ಎಷ್ಟು ತೊಳೆದರೂ ಬೇಡ. ಪೂರ್ತಿ ತೆರೆಯುವ ಮುಚ್ಚಳ, ಕಬ್ಬಿಣದ ಬಿಗಿಬಳೆ, ಒಳಗೆ ರಬ್ಬರ್ ಪಟ್ಟಿ ಇರಬೇಕು. ತಾರಸಿಯಿಂದ ಇಳಿಯುವ ಪೈಪಿಗೆ ಐದಡಿ ಎತ್ತರದಲ್ಲಿ ಮೂರು ಬಾಯಿಯ ಒಂದು ‘ಟೀ’. ಅದರ ಕೆಳಗಿನ ಬಾಯಿ ಕೊಳೆನೀರಿನ ಡ್ರಮ್ಮಿಗೆ, ಪಕ್ಕದ ಬಾಯಿ ಫಿಲ್ಟರಿಗೆ.

ಟೀಗೂ ಕೊಳೆನೀರಿನ ಡ್ರಮ್ಮಿಗೂ ನಡುವೆ ಚೆಂಡಿನ ಕೋಣೆ. 110 ಮಿ.ಮೀ. ಪೈಪಿನ 20 ಸೆಂ.ಮೀ. ತುಂಡು, ಅದರ ತಲೆಗೆ 110ರಿಂದ 63ಕ್ಕೆ ಕಿರಿದಾಗುವ ರೆಡ್ಯೂಸರ್. ಒಳಗೆ ಮಕ್ಕಳು ಆಡುವ ಟೊಳ್ಳು ಪ್ಲಾಸ್ಟಿಕ್ ಚೆಂಡು, 70 ಮಿ.ಮೀ. ಆಸುಪಾಸಿನದು, ತೂತಿಲ್ಲದ್ದು. ಚೆಂಡು ಕೆಳಗೆ ಜಾರದಂತೆ ಎರಡು ಸ್ಟೀಲ್ ಕಡ್ಡಿಗಳನ್ನು ಅಡ್ಡಡ್ಡ ತೂರಿಸಬೇಕು. ಡ್ರಮ್ ತುಂಬುತ್ತಿದ್ದಂತೆ ನೀರು ಕೋಣೆಗೆ ಏರುತ್ತದೆ, ಚೆಂಡು ತೇಲಿ ಮೇಲಿನ 63ರ ಬಾಯಿಗೆ ಕೂತು ಮುಚ್ಚುತ್ತದೆ. ಅಲ್ಲಿಂದ ಮುಂದೆ ಬರುವ ನೀರು ತಾನಾಗಿ ಫಿಲ್ಟರಿನ ಕಡೆ ತಿರುಗುತ್ತದೆ. ರೆಡ್ಯೂಸರಿನ ಒಳಅಂಚಿನಲ್ಲಿ ಅಚ್ಚಿನ ಗೀರು ಉಳಿದಿರುತ್ತದೆ; ಬೆರಳಾಡಿಸಿ ನೋಡಿ, ನುಣುಪು ಮರಳುಕಾಗದದಿಂದ ಉಜ್ಜಬೇಕು. ಆ ಗೀರು ಉಳಿದರೆ ಚೆಂಡು ಕೂತರೂ ನೀರು ಸೋರುತ್ತಲೇ ಇರುತ್ತದೆ. ಟೆನಿಸ್ ಚೆಂಡು ಬೇಡ. ಮೇಲಿನ ಉಣ್ಣೆ ನೀರು ಕುಡಿದು ಭಾರವಾಗುತ್ತದೆ.

ನೀರು ಸುರಿದು ಪರೀಕ್ಷಿಸಿದಾಗ ಡ್ರಮ್ ಮೊದಲು ಅರ್ಧವೂ ತುಂಬಲಿಲ್ಲ. ಒಳಗಿನಿಂದ ಗುಳುಗುಳು ಸದ್ದು, ನೀರು ಹಿಂದಕ್ಕೆ ಉಕ್ಕಿ ಫಿಲ್ಟರಿನ ಕಡೆ ಹೊರಟಿತ್ತು. ಗಾಳಿ ಹೊರಬರಲು ದಾರಿ ಇರಲಿಲ್ಲ, ಅಷ್ಟೇ. ಮುಚ್ಚಳಕ್ಕೊಂದು ತೂತು ಕೊರೆದರೆ ಸಾಕೆನಿಸುತ್ತದೆ, ಸಾಲದು: ನೀರು ಕೋಣೆಗೆ ಏರಿದ ಮೇಲೆ ಅದೇ ತೂತಿನಿಂದ ಚಿಮ್ಮುತ್ತದೆ. ಮುಚ್ಚಳಕ್ಕೆ 20 ಮಿ.ಮೀ. ಪೈಪ್ ಕೂರಿಸಿ, ಟೀಗಿಂತ ಒಂದಡಿ ಮೇಲಕ್ಕೆ ಏರಿಸಿ, ತುದಿಯನ್ನು ಕೆಳಮುಖ ಬಗ್ಗಿಸಿ ಸೊಳ್ಳೆಪರದೆ ಕಟ್ಟಿದ ಮೇಲೆ ಡ್ರಮ್ ಸದ್ದಿಲ್ಲದೆ ತುಂಬಿತು.

ತುಂಬಿದ ಡ್ರಮ್ ಮುಂದಿನ ಮಳೆಯೊಳಗೆ ಖಾಲಿಯಾಗಬೇಕು. ನಲ್ಲಿ ಇಟ್ಟರೆ ತಿರುಗಿಸಲು ಮರೆಯುತ್ತದೆ. ಅಡಿಕೆ, ದಾಳಿಂಬೆ ತೋಟಗಳ ಈ ಸೀಮೆಯಲ್ಲಿ ಡ್ರಿಪ್ ಸಾಮಾನು ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಗಂಟೆಗೆ 8 ಲೀಟರಿನ ಡ್ರಿಪ್ಪರ್ ಸಿಕ್ಕಿಸುವ ಯೋಚನೆ ಸಹಜವಾಗಿ ಬರುತ್ತದೆ. ಆದರೆ ಆ 8 ಲೀಟರ್, ಹತ್ತು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಹೇಳಿದ ಲೆಕ್ಕ. ಡ್ರಮ್ಮಿನ ಎತ್ತರ ಒಂದು ಮೀಟರೂ ಇಲ್ಲ. ಸಾಮಾನ್ಯ ಡ್ರಿಪ್ಪರ್ ಅಲ್ಲಿ ಗಂಟೆಗೆ ಎರಡೂವರೆ ಲೀಟರೂ ಕೊಡುವುದಿಲ್ಲ, ಖಾಲಿಯಾಗಲು ಮೂರು ದಿನ ದಾಟುತ್ತದೆ, ಅಷ್ಟರಲ್ಲಿ ಕೆಸರು ಅದರ ಬಾಯಿಯನ್ನೇ ಕಟ್ಟುತ್ತದೆ. ಬದಲಿಗೆ ತಳದಲ್ಲಿ 63 ಮಿ.ಮೀ. ಟ್ಯಾಂಕ್ ನಿಪ್ಪಲ್ (ಡ್ರಮ್ಮಿನ ಗೋಡೆಗೆ ತೂರಿಸಿ ಬಿಗಿಯುವ ಪೈಪಿನ ಬಾಯಿ), ಅದಕ್ಕೆ ತಿರುಪಿನ ಮುಚ್ಚಳ, ಆ ಮುಚ್ಚಳಕ್ಕೆ 2 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಒಂದು ತೂತು. 170 ಲೀಟರ್ ಸುಮಾರು 13 ಗಂಟೆಯಲ್ಲಿ ಇಳಿಯುತ್ತದೆ. ಸಂಜೆ ಮಳೆ ಬಂದರೆ ಬೆಳಿಗ್ಗೆಗೆ ಖಾಲಿ. ಇಳಿದ ನೀರು ಕರಿಬೇವಿನ ಬುಡಕ್ಕೆ ಹೋಗುತ್ತದೆ. ತಳದ ಕೆಸರಿಗೆ ಮುಚ್ಚಳವನ್ನೇ ಬಿಚ್ಚಿದರಾಯಿತು.

ಈ ಡ್ರಮ್ ಪಾಲಿಥಿನ್ನಿನದು. ಇದಕ್ಕೆ ಪಿವಿಸಿ ಸಾಲ್ವೆಂಟ್ ಅಂಟುವುದಿಲ್ಲ, ಎಂ-ಸೀಲ್ ಮೆತ್ತಿದರೂ ತಿಂಗಳಲ್ಲಿ ಸಿಪ್ಪೆಯಂತೆ ಬಿಡುತ್ತದೆ. ನೀರು ತಡೆಯುವುದು ನಿಪ್ಪಲಿನ ರಬ್ಬರ್ ವಾಷರ್ ಮಾತ್ರ. ಡ್ರಮ್ಮಿನ ಸುತ್ತ ಉಬ್ಬುಬಳೆ ಇಲ್ಲದ ಸಪಾಟು ಜಾಗ ನೋಡಿ, ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸದ ಬಿಟ್) ನಿಧಾನವಾಗಿ ತಿರುಗಿಸಿ, ಅಂಚಿನ ಪ್ಲಾಸ್ಟಿಕ್ ಎಳೆಗಳನ್ನು ಬ್ಲೇಡಿನಿಂದ ತೆಗೆದು, ರಬ್ಬರನ್ನು ಒಳಬದಿಗೆ ಕೊಟ್ಟು ಬಿಗಿಯಬೇಕು. ಡ್ರಿಲ್ಲನ್ನು ಜೋರಾಗಿ ಓಡಿಸಿದರೆ ಅಂಚು ಕರಗಿ ಗಂಟುಗಂಟಾಗಿ, ವಾಷರ್ ಕೂರುವುದೇ ಇಲ್ಲ.

ಇನ್ನು ಫಿಲ್ಟರ್. ಅದೂ ಅಂಥದೇ ಡ್ರಮ್. ತಳದಿಂದ 5 ಸೆಂ.ಮೀ. ಮೇಲೆ 63ರ ನಿಪ್ಪಲ್, ಒಳಗೆ ಅದಕ್ಕೆ ಸೇರಿದ ಪೈಪಿಗೆ 8 ಮಿ.ಮೀ. ತೂತು ನಲವತ್ತು. ತಳದಲ್ಲಿ 40 ಮಿ.ಮೀ. ಜಲ್ಲಿ 15 ಸೆಂ.ಮೀ., ಮೇಲೆ 20ರದು 10, ಬೇಬಿ ಜಲ್ಲಿ 5, ನೈಲಾನ್ ಬಲೆ, ಮರಳು 25, ಮತ್ತೆ ಬಲೆ, ನೀರು ಬೀಳುವ ಪೆಟ್ಟು ತಡೆಯಲು ಇನ್ನೊಂದು 5 ಸೆಂ.ಮೀ. ಜಲ್ಲಿ. ಡ್ರಮ್ಮಿನ ಒಳಗಿನ ಹರವಿಗೆ ಪ್ರತಿ 10 ಸೆಂ.ಮೀ.ಗೆ 26 ಲೀಟರ್ ಹಿಡಿಯುತ್ತದೆ. ಮರಳೇ 65 ಲೀಟರ್, ಸುಮಾರು ಎರಡು ಸಿಮೆಂಟ್ ಚೀಲದಷ್ಟು. ನೀರು ಸೇರಿದರೆ ಒಟ್ಟು ತೂಕ 300 ಕಿಲೋ ದಾಟುತ್ತದೆ. ಇದನ್ನು ಕಿಟಕಿಯ ಸಜ್ಜಾ ಮೇಲೆ ಇಡುವ ಮಾತೇ ಬೇಡ. ಒಂದೂವರೆ ಅಡಿ ಎತ್ತರದ ಸೈಜುಗಲ್ಲಿನ ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸಿದೆವು. ಇದ್ದಿಲು ಹಾಕಬೇಕೇ ಎಂದು ಕೇಳುವವರಿದ್ದಾರೆ. ಇಸ್ತ್ರಿ ಅಂಗಡಿಯ ಇದ್ದಿಲು ಆಕ್ಟಿವೇಟೆಡ್ ಕಾರ್ಬನ್ ಅಲ್ಲ. ವರ್ಷಕ್ಕೊಮ್ಮೆ ಬದಲಿಸುವ ಶಿಸ್ತು ಇಲ್ಲದಿದ್ದರೆ ಹಾಕದಿರುವುದೇ ಮೇಲು.

ಮರಳಿನಲ್ಲೇ ಫಿಲ್ಟರ್ ಗೆಲ್ಲುವುದು, ಸೋಲುವುದು. ನುಣುಪು ಮರಳು ಚೆನ್ನಾಗಿ ಸೋಸುತ್ತದೆ ಎಂಬ ನಂಬಿಕೆ ಇದೆ. ಸೋಸುತ್ತದೆ, ಆದರೆ ಮಳೆ ಕಾಯುವುದಿಲ್ಲ. ಗಂಟೆಗೆ 50 ಮಿ.ಮೀ. ರಭಸದ ಮಳೆಯಲ್ಲಿ ಈ ತಾರಸಿಯಿಂದ ನಿಮಿಷಕ್ಕೆ 70 ಲೀಟರ್ ಇಳಿಯುತ್ತದೆ. ಡ್ರಮ್ ಅಷ್ಟನ್ನು ಬಿಡದಿದ್ದರೆ ಮೇಲಿನಿಂದ ಚೆಲ್ಲುತ್ತದೆ, ಸಂಪು ಅರ್ಧವೇ ಉಳಿಯುತ್ತದೆ. ಪರೀಕ್ಷೆ ಹೀಗೆ: ಮರಳು ಪೂರ್ತಿ ನೆಂದ ಮೇಲೆ ಅದರ ಮೇಲೆ ಒಂದು ಗೇಣು ನೀರು ನಿಲ್ಲಿಸಿ ಗುರುತು ಹಾಕಿ, 15 ಲೀಟರ್ ಬಕೆಟ್ ಸುರಿದು, ನೀರು ಮತ್ತೆ ಗುರುತಿಗೆ ಇಳಿಯಲು ಎಷ್ಟು ಸೆಕೆಂಡು ಎಂದು ಎಣಿಸುವುದು. 13 ಸೆಕೆಂಡಿನೊಳಗೆ ಇಳಿಯಬೇಕು. ತೊಳೆಯದ ಎಂ-ಸ್ಯಾಂಡಿನಲ್ಲಿ ನಿಮಿಷ ಕಳೆದರೂ ಇಳಿಯಲಿಲ್ಲ. ಅದರಲ್ಲಿರುವ ಕಲ್ಲುಪುಡಿ ಒದ್ದೆಯಾದೊಡನೆ ಅಂಬಲಿಯಂತೆ ಕಟ್ಟುತ್ತದೆ.

ತೆಗೆದು ಜರಡಿ ಹಿಡಿದೆವು. ಕಿಟಕಿಗೆ ಹಾಕುವ ಸೊಳ್ಳೆಪರದೆಯೇ ಇದಕ್ಕೆ ಒಳ್ಳೆಯ ಜರಡಿ, ಅದರ ಕಣ್ಣು ಒಂದು ಮಿ.ಮೀ.ಗಿಂತ ಸ್ವಲ್ಪ ದೊಡ್ಡದು. ಮರದ ಚೌಕಟ್ಟಿಗೆ ಪರದೆ ಬಿಗಿದು, ಕೆಳಗೆ ಹೋದದ್ದನ್ನು ಬಿಟ್ಟು, ಮೇಲೆ ಉಳಿದದ್ದನ್ನು ಗಾರೆಯವರ ಜರಡಿಯಲ್ಲಿ ಇನ್ನೊಮ್ಮೆ ಸಾಣಿಸಿ ದಪ್ಪ ಕಲ್ಲು ತೆಗೆದರೆ ಬೇಕಾದ ಕಾಳು ಸಿಗುತ್ತದೆ. ಅಂಗೈಯಲ್ಲಿ ಹಿಡಿದರೆ ನುಚ್ಚಕ್ಕಿಯಂತಿರಬೇಕು. ತಂದ ಮರಳಿನಲ್ಲಿ ಅರ್ಧ ಜರಡಿಗೇ ಹೋಗುತ್ತದೆ, ಹಾಗಾಗಿ ಎರಡು ಚೀಲ ಬೇಕಾದರೆ ನಾಲ್ಕು ತರಬೇಕು. ಬುಟ್ಟಿಗೆ ಹಾಕಿ, ಕೈ ಮೊಣಕೈವರೆಗೆ ಇಳಿಸಿ ಕಲಕಿ, ಕದಡಿದ ನೀರು ಚೆಲ್ಲಿ, ನೀರಿನಡಿಯ ಬೆರಳು ಕಾಣುವವರೆಗೆ ತೊಳೆಯುವುದು. ನಮಗೆ ಆರು ನೀರು ಬೇಕಾಯಿತು. ಜಲ್ಲಿಗೆ ನಾಲ್ಕು. ಮತ್ತೆ ತುಂಬಿ ಅಳೆದಾಗ ಬಕೆಟ್ 10 ಸೆಕೆಂಡಿನಲ್ಲಿ ಇಳಿಯಿತು.

ಸಂಪಿನೊಳಗೆ ಪೈಪನ್ನು ಮೇಲಿನಿಂದ ಸುರಿಯಲು ಬಿಡಬಾರದು. ತಳದಿಂದ ಒಂದಡಿ ಎತ್ತರದವರೆಗೆ ಇಳಿಸಿ ಬಾಯಿಯನ್ನು ಮೇಲ್ಮುಖ ತಿರುಗಿಸಿದರೆ ತಳದ ಗಸಿ ಕದಡುವುದಿಲ್ಲ.

ಉಳಿದದ್ದು ಕೋಡಿ. ದುರ್ಗದವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಏಳು ಸುತ್ತಿನ ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡ, ಕೆಳಗೆ ಊರೊಳಗಿನ ಸಂತೆ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆ ಹೊಂಡದಿಂದ ಹೊಂಡಕ್ಕೆ ದಾಟುತ್ತ ಬರುವ ಆ ಏರ್ಪಾಡನ್ನು ಮಳೆಗಾಲದಲ್ಲಿ ಒಮ್ಮೆ ನಿಂತು ನೋಡಬೇಕು. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜನ ಸಾಲುಗಟ್ಟಿ ಹಿರಿಯೂರಿಗೆ ಹೋದರಲ್ಲ. ಎಂಬತ್ತೊಂಬತ್ತು ವರ್ಷ ನೀರು ಬಾರದಿದ್ದರೂ ಆ ಕೋಡಿಯ ಜಾಗ ಅಲ್ಲೇ ಇತ್ತು. ಮನೆಯ ಸಂಪಿಗೂ ಅಂಥ ಒಂದು ಜಾಗ ಬೇಕು.

ಹೆಚ್ಚಾದ ನೀರಿನ ಪೈಪು ಒಳಬರುವ ಪೈಪಿಗಿಂತ ಚಿಕ್ಕದಿರಕೂಡದು. ಫಿಲ್ಟರಿನಿಂದ 63 ಬರುತ್ತಿದ್ದರೂ ನಾವು ಕೋಡಿಗೆ 110 ಇಟ್ಟೆವು, ಒಳಬರುವ ಪೈಪು ಸಂಪಿನ ಗೋಡೆ ದಾಟುವ ಜಾಗಕ್ಕಿಂತ 10 ಸೆಂ.ಮೀ. ಕೆಳಗೆ, ತುದಿಗೆ ಸೊಳ್ಳೆಪರದೆ. ಇದನ್ನು ಬೀದಿಯ ಚರಂಡಿಗೆ ಜೋಡಿಸುವುದು ದೊಡ್ಡ ತಪ್ಪು. ಚರಂಡಿ ಉಕ್ಕಿದ ದಿನ ಅದರ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಬಂದು ಸಂಪು ಸೇರುತ್ತದೆ. ಮನೆಯ ಮುಂದೆ ಮೂರಡಿ ಅಗಲ, ಆರಡಿ ಆಳದ ಗುಂಡಿ ತೋಡಿ, ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಮರಳು ತುಂಬಿ ಅಲ್ಲಿಗೆ ಬಿಟ್ಟೆವು. ಫಿಲ್ಟರ್ ಡ್ರಮ್ಮಿನ ಅಂಚಿನಿಂದ 5 ಸೆಂ.ಮೀ. ಕೆಳಗೆ ಇಟ್ಟ 75ರ ಕೋಡಿಯೂ ಅಲ್ಲಿಗೇ. ಗುಂಡಿ ತೋಡುವ ಮೊದಲು ಒಂದಡಿ ಆಳದ ಕುಳಿಗೆ ನೀರು ತುಂಬಿ ನೋಡಬೇಕು. ಕೆಂಪು ಮಣ್ಣಾದರೆ ಬೇಗ ಹೀರುತ್ತದೆ, ಎರೆಮಣ್ಣಾದರೆ ಮರುದಿನವೂ ನಿಂತಿರುತ್ತದೆ, ಆಗ ಎರೆ ದಾಟಿ ಗರಸು ಸಿಗುವವರೆಗೆ ಆಳ ಹೋಗಬೇಕು. ಶೌಚದ ಗುಂಡಿ ಹತ್ತಿರದಲ್ಲಿದ್ದರೆ ಇಂಗುಗುಂಡಿ ಬೇಡ, ನೀರನ್ನು ಗಿಡಗಳ ಪಾತಿಗೆ ಬಿಡಿ.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುವ ಆ ಮಳೆ ಏಪ್ರಿಲ್ ಕೊನೆಗೆ ಶುರು. ಅಷ್ಟರೊಳಗೆ ಎಲ್ಲ ಮುಗಿದಿರಬೇಕು. ಮೊದಲ ಮಳೆ ಬಂದ ಸಂಜೆ ಮೂರು ಗಾಜಿನ ಬಾಟಲಿ ಹಿಡಿದು ನಿಂತೆವು. ಶುರುವಿನ ನೀರು ಕಡುಚಹಾದ ಬಣ್ಣ. ಚೆಂಡು ‘ಟಪ್’ ಎಂದು ಕೂತ ಮೇಲೆ ಫಿಲ್ಟರಿಗೆ ಹರಿದದ್ದು ತಿಳಿ ಮಜ್ಜಿಗೆಯ ಮೇಲಿನ ನೀರಿನಂತೆ. ಫಿಲ್ಟರಿನ ಕೆಳಗಿನದರಲ್ಲಿ ಬಾಟಲಿಯ ಆಚೆಯ ಅಕ್ಷರ ಓದಬಹುದಿತ್ತು.

ತಿಳಿಯಾದ ನೀರೆಲ್ಲ ಕುಡಿಯುವ ನೀರಲ್ಲ. ಮರಳು ಕಸ ತಡೆಯುತ್ತದೆ, ರೋಗಾಣು ತಡೆಯುವುದಿಲ್ಲ. ಸಂಪಿನ ಬಳಕೆ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕದಡಿ, ಗಸಿ ಬಿಟ್ಟು ತಿಳಿ ಮಾತ್ರ ಹಾಕಿ, ಅರ್ಧ ಗಂಟೆ ಬಿಡಬೇಕು, ಕುಡಿಯುವುದನ್ನು ಕುದಿಸಬೇಕು. ತೆರೆದಿಟ್ಟ ಹಳೆಯ ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಬೋರ್ ನೀರನ್ನು ಇದೇ ಸಂಪಿಗೆ ಬಿಟ್ಟರೆ ಫ್ಲೋರೈಡ್ ಮತ್ತೆ ಬಂದು ಸೇರುತ್ತದೆ, ಈ ಫಿಲ್ಟರ್ ಅದನ್ನು ತೆಗೆಯುವುದಿಲ್ಲ.

ಪ್ರತಿ ಮಳೆಯ ಮರುದಿನ 63ರ ಮುಚ್ಚಳ ಬಿಚ್ಚಿ ಕೆಸರು ಚೆಲ್ಲಿ, 2 ಮಿ.ಮೀ. ತೂತಿಗೆ ಒಂದು ಸೂಜಿ ಆಡಿಸುವುದು ಐದು ನಿಮಿಷದ ಕೆಲಸ. ತಿಂಗಳಿಗೊಮ್ಮೆ ಬಕೆಟ್ ಪರೀಕ್ಷೆ. ನೀರಿಳಿಯಲು 20 ಸೆಕೆಂಡು ದಾಟಿದ ದಿನ ಮೇಲಿನ ಜಲ್ಲಿ, ಬಲೆ ಎತ್ತಿ, ಮರಳಿನ ಮೇಲಿನ ಎರಡು ಬೆರಳಿನಷ್ಟು ಪದರ ಕೆರೆದು ತೊಳೆದು ವಾಪಸು ಹಾಕಬೇಕು. ಜರಡಿ ಹಿಡಿದಾಗ ಉಳಿದ ಮರಳನ್ನು ಅದಕ್ಕೆಂದೇ ಒಂದು ಚೀಲದಲ್ಲಿ ಕಟ್ಟಿ, ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ.